ಮಂಜ್ರಾದಲ್ಲಿ ಮುಳುಗಿಸಿಟ್ಟ ಸೀಸದ ಮೀನು

ಸೀಸದ ಮೀನು ಎಲ್ಲಿದೆ ಎಂದು ಹೊಸ ಸಾಹೇಬರು ಕೇಳಿದಾಗ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ಅದನ್ನಿಡುವ ಮೂಲೆಯನ್ನು ಇನ್ನೊಮ್ಮೆ ನೋಡಿದೆ. ಜನವಾಡದ ಹೊಳೆದಂಡೆಯಲ್ಲಿ ನಮ್ಮದೊಂದು ತಗಡಿನ ಕೋಣೆ ಇತ್ತು. ಅದರೊಳಗೆ ಸಾಹೇಬರು ಸರಕಾರಿ ಸಾಮಾನಿನ ಪಟ್ಟಿ ಹಿಡಿದು ಒಂದೊಂದಕ್ಕೇ ಪೆನ್ಸಿಲಿನ ಗುರುತು ಹಾಕುತ್ತಿದ್ದರು. ಉಕ್ಕಿನ ಹಗ್ಗ ಇತ್ತು, ರಾಟೆ ಇತ್ತು, ಅಳತೆಯ ಕೋಲು ಇತ್ತು. ನೀರಿನ ಮೀಟರು ಇರಲಿಲ್ಲ, ಸೀಸದ ಮೀನೂ ಇರಲಿಲ್ಲ.

ನಾನು ಹೈದರಾಬಾದ್ ಸಂಸ್ಥಾನದ ನೀರಳತೆಯ ಕೆಲಸದಲ್ಲಿ ಮುನ್ಶಿಯಾಗಿದ್ದೆ. ಊರು ಭಾಲ್ಕಿ ತಾಲೂಕಿನ ಹಲಬರ್ಗಾ. ಮಂಜ್ರಾ ಹೊಳೆಯಲ್ಲಿ ದಿನಕ್ಕೆ ಎಷ್ಟು ನೀರು ಹರಿಯಿತು ಎಂದು ಬರೆದಿಡುವುದು ನನ್ನ ಕೆಲಸ. ಹೊಳೆಗೆ ಅಡ್ಡಲಾಗಿ ಈ ದಂಡೆಯಿಂದ ಆ ದಂಡೆಗೆ ಉಕ್ಕಿನ ಹಗ್ಗ ಕಟ್ಟಿತ್ತು. ದೋಣಿಯನ್ನು ರಾಟೆಯಿಂದ ಅದಕ್ಕೆ ತಗುಲಿಸಿ, ಹಗ್ಗದ ಮೇಲಿನ ಒಂದೊಂದು ಗುರುತಿನ ಹತ್ತಿರ ನಿಲ್ಲಿಸಿ ಮೀಟರನ್ನು ನೀರಿಗೆ ಬಿಡಬೇಕು. ಮೀಟರು ಅಂದರೆ ಹಿತ್ತಾಳೆಯ ಸಣ್ಣ ಬಟ್ಟಲುಗಳ ಚಕ್ರ. ಸೆಳೆತಕ್ಕೆ ಚಕ್ರ ತಿರುಗುತ್ತದೆ, ತಿರುಗಿದ ಲೆಕ್ಕ ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಟಕ್ ಟಕ್ ಎಂದು ಕೇಳುತ್ತದೆ. ಮೀಟರು ನೀರಿನ ರಭಸಕ್ಕೆ ಮೇಲೆದ್ದು ಹೋಗದಿರಲಿ ಎಂದು ಅದರ ಕೆಳಗೆ ಮೀನಿನ ಆಕಾರದ ಸೀಸದ ಗಟ್ಟಿ ತೂಗುಬಿಡುತ್ತಿದ್ದೆವು. ಒಂದು ಮಣ ತೂಕ, ಮುಂದೆ ಚೂಪು ಮೂತಿ, ಹಿಂದೆ ಬಾಲ. ಎಂಥ ಪ್ರವಾಹದಲ್ಲೂ ಅದು ಮೂತಿಯನ್ನು ನೀರು ಬರುವ ಕಡೆ ತಿರುಗಿಸಿಕೊಂಡು ನೆಟ್ಟಗೆ ಕೆಳಗಿಳಿಯುತ್ತಿತ್ತು.

ಅದನ್ನು ಇಳಿಸುವವರು, ಎತ್ತುವವರು ನೌಬಾದದ ಒಬ್ಬ ಮಿಸ್ತ್ರಿ. ವಯಸ್ಸು ಅರವತ್ತರ ಹತ್ತಿರ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ದೋಣಿ ಅಲೆಗೆ ಏರಿ ಇಳಿಯುವಾಗ ಒಂದು ಮಣ ಸೀಸ ಹಗ್ಗದ ತುದಿಯಲ್ಲಿ ಜೋತಾಡಿದರೆ ದೋಣಿಯ ಹಲಗೆ ಒಡೆಯುತ್ತದೆ, ಇಲ್ಲವೇ ನಮ್ಮ ಹಲ್ಲು ಒಡೆಯುತ್ತದೆ. ಅವರ ಕೈಯಲ್ಲಿ ಎರಡೂ ಎಂದೂ ಒಡೆದಿರಲಿಲ್ಲ. ನಾನು ಕೂತು ಬರೆದವನು ಅಷ್ಟೆ.

ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವಾರಗಳಾಗಿದ್ದವು. ಸಂಸ್ಥಾನ ಭಾರತದೊಳಗೆ ಸೇರಿತ್ತು, ಹೊರಗಿನಿಂದ ಹೊಸ ಅಧಿಕಾರಿಗಳು ಬರುತ್ತಿದ್ದರು. ನಮ್ಮ ಸಾಹೇಬರು ಮೈಸೂರು ಕಡೆಯ ಎಂಜಿನಿಯರು. ಮಿಸ್ತ್ರಿ ಬೀದರದ ಲಾಕಪ್ಪಿನಲ್ಲಿದ್ದಾರೆ ಎಂದು ನನಗೆ ತಿಳಿದದ್ದೇ ಅವರ ಬಾಯಿಂದ. ಗಲಭೆಯ ದಿನಗಳಲ್ಲಿ ಬಂದೂಕು ಹಿಡಿದು ತಿರುಗುತ್ತಿದ್ದವರಿಗೆ ಗುಂಡು ಮಾಡಲು ಮಿಸ್ತ್ರಿ ಸರಕಾರಿ ಸೀಸ ಕೊಟ್ಟರು ಎಂದು ಯಾರೋ ದೂರು ಕೊಟ್ಟಿದ್ದರಂತೆ. ಒಂದು ಮಣ ಸೀಸದಲ್ಲಿ ಎಷ್ಟು ಗುಂಡು ಆಗುತ್ತವೆ ಎಂದು ಆಗ ಮಕ್ಕಳಿಗೂ ಅಂದಾಜಿತ್ತು.

ಒಂದು ಮಾತು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ದೂರು ಖರೆ ಇರಬಹುದು ಎಂದು ನನಗೂ ಅನಿಸಿತು. ಶ್ರಾವಣದಲ್ಲಿ ಗಲಭೆ ಜೋರಾದಾಗ ನಾನು ಕೆಲಸ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ಔರಾದದ ಅಕ್ಕನ ಮನೆಗೆ ಓಡಿಹೋಗಿದ್ದೆ. ಇಲ್ಲಿ ನಡೆದದ್ದೇನೂ ನಾನು ಕಂಡಿರಲಿಲ್ಲ. ಆ ತಿಂಗಳುಗಳಲ್ಲಿ, ಆಮೇಲಿನ ವಾರಗಳಲ್ಲಿ, ಎರಡೂ ಕಡೆಯ ಜನ ಸತ್ತರು. ಅದನ್ನೆಲ್ಲ ಬರೆಯುವ ಶಕ್ತಿ ನನಗಿಲ್ಲ. ಜತೆಗೆ ಕೆಲಸ ಮಾಡಿದವನ ಮೇಲೆ ನಂಬಿಕೆ ಅಷ್ಟು ಬೇಗ ಅಲ್ಲಾಡಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಬುಧವಾರ ಸಾಹೇಬರ ಚೀಟಿ ಹಿಡಿದು ಲಾಕಪ್ಪಿಗೆ ಹೋದೆ. ಚಾಚಾ ಗಡ್ಡ ಬಿಟ್ಟು ಸೊರಗಿದ್ದರು. ಸರಳಿನ ಹತ್ತಿರ ಬಂದು ಮೊದಲು ನನ್ನ ಮಕ್ಕಳ ಕ್ಷೇಮ ಕೇಳಿದರು.

“ಮೀನು ಎಲ್ಲಿ ಅದ ಚಾಚಾ?” ಎಂದೆ.

“ಹೊಳ್ಯಾಗ ಅದರಿ. ಸೀಸ ಒಯ್ಲಾಕ ಬರ್ತಾರ ಅಂತ ಖಬರ್ ಬಂತು. ಕೋಣ್ಯಾಗ ಇಟ್ರ ಸಿಗ್ತದ. ನೆಲದಾಗ ಹುಗದ್ರ ಹೊಸಾ ಮಣ್ಣು ಕಾಣ್ತದ. ಮಂದಿ ಎಲ್ಲಾ ತಮ್ಮ ಭಾಂಡಿ, ಬಂಗಾರ ಬಾವಿಗಿ ಇಳಿಸ್ಲಾಕತ್ತಿದ್ರು. ನಮ್ಮ ಸಾಮಾನ ಹೊಳೀದು, ಹೊಳಿಗೇ ಇಳಿಸ್ದೆ.”

ಆ ಕಾಲದಲ್ಲಿ ಅದು ನಮ್ಮ ಕಡೆ ಮನೆಮನೆಯ ಪದ್ಧತಿಯಾಗಿತ್ತು. ಬೆಲೆಬಾಳುವುದನ್ನು ಗಂಟು ಕಟ್ಟಿ ಬಾವಿಯಲ್ಲಿ ಮುಳುಗಿಸಿ, ಹಗ್ಗದ ತುದಿಯನ್ನು ನೀರಿನ ಮಟ್ಟದಿಂದ ಒಂದು ಮೊಳ ಕೆಳಗೆ ಕಲ್ಲಿಗೋ ಬೇರಿಗೋ ಕಟ್ಟುವುದು. ಮೇಲಿನಿಂದ ಇಣುಕಿದವರಿಗೆ ನೀರು ಬಿಟ್ಟು ಏನೂ ಕಾಣುವುದಿಲ್ಲ. ಚಾಚಾ ಮೀಟರನ್ನು ಅದರ ತಗಡಿನ ಪೆಟ್ಟಿಗೆಯಲ್ಲಿಟ್ಟು, ಸಂದಿಗಳಿಗೆ ಮೇಣ ತುಂಬಿ, ಪೆಟ್ಟಿಗೆಯನ್ನು ಮೀನಿಗೆ ಸರಪಳಿಯಿಂದ ಬಿಗಿದಿದ್ದರು. ದಂಡೆಯ ಅತ್ತಿಮರದಿಂದ ಆಚೆ ದಂಡೆಯ ಕರಿಬಂಡೆಗೆ ನೇರ ಗೆರೆ ಹಿಡಿದು, ಹನ್ನೆರಡು ಮಾರು ದೂರದ ಮಡುವಿನಲ್ಲಿ ಇಳಿಸಿದ್ದರು. ಹಗ್ಗದ ತುದಿಯನ್ನು ಅತ್ತಿಮರದ ಬೇರಿಗೆ, ನೀರಿನೊಳಗೆ ಕಟ್ಟಿದ್ದರು.

“ಪೊಲೀಸರಿಗಿ ಹೇಳಿಲ್ಲೇನು?”

“ಹೇಳೀನ್ರಿ. ತೋರಿಸು ಅಂದ್ರು. ಹೊಳಿ ಹ್ಯಾಂಗ ತುಂಬಿ ಹರೀಲಾಕತ್ತದ ನೋಡೀರಲ್ಲ. ಹ್ಯಾಂಗ ತೋರಿಸ್ಲಿ?”

“ನನಗರ ಒಂದು ಮಾತು ಹೇಳಬೇಕಿತ್ತು.”

“ನೀವು ಔರಾದದಾಗ ಇದ್ರಿ.” ಮತ್ತೆ ಹೇಳಿದರು: “ಇಲ್ಲೇ ಇದ್ರೂ ಹೇಳ್ತಿದ್ದಿಲ್ಲ ಬಿಡ್ರಿ. ನಿಮಗ ಸುಳ್ಳ ಹೇಳ್ಲಾಕ ಬರಲ್ಲ. ಕಿವಿ ಕೆಂಪಾಗ್ತಾವ.”

ಬಂದೂಕಿನವರು ಬಂದಾಗ ಮೀನು ಮಹಾಪೂರದಲ್ಲಿ ಹೋಯಿತು ಎಂದು ಹೇಳಿ, ಅವರ ಕೈಯಿಂದ ಎರಡು ಏಟು ತಿಂದು, ಹೇಳಿದ ಮಾತಿಗೇ ನಿಂತಿದ್ದರು. ಅದನ್ನು ಅವರು ಹೇಳಲಿಲ್ಲ. ಆಮೇಲೆ ಅವರ ಹೆಂಡತಿಯಿಂದ ನನಗೆ ತಿಳಿಯಿತು.

ಸೋಮವಾರ ಬೀದರದ ಲಾಕಪ್ಪಿನಿಂದ ಒಂದು ಲಾರಿ ಕೈದಿಗಳನ್ನು ದೂರದ ದೊಡ್ಡ ಜೇಲಿಗೆ ಸಾಗಿಸುವುದಿತ್ತು. ಅದರಲ್ಲಿ ಚಾಚಾನ ಹೆಸರಿತ್ತು. ಆ ಲಾರಿ ಹತ್ತಿದ ಮೇಲೆ ವಿಚಾರಣೆ ಯಾವಾಗ, ಮನೆಗೆ ಬರುವುದು ಯಾವಾಗ, ಯಾರೂ ಹೇಳುವಂತಿರಲಿಲ್ಲ. ನೀರು ಇಳಿಯುವ ತನಕ ಕಾಯೋಣವೆಂದರೆ ಇನ್ನೂ ತಿಂಗಳು ಬೇಕು, ಅಷ್ಟರಲ್ಲಿ ಮರಳು ಎಲ್ಲವನ್ನೂ ನುಂಗಿರುತ್ತದೆ. ನಮ್ಮ ಕೈಯಲ್ಲಿದ್ದದ್ದು ನಾಲ್ಕು ದಿನ.

ಜನವಾಡದ ಅಂಬಿಗನ ದೋಣಿ ಬೇಕಾಗಿತ್ತು. ಅವನ ಮನೆಯ ಮುಂದೆ ಎರಡು ಸಲ ಹಾದುಹೋಗಿ ಮೂರನೆಯ ಸಲ ಒಳಗೆ ಹೋದೆ. ಅವನ ತಮ್ಮ ಶ್ರಾವಣದಲ್ಲಿ ಇದೇ ದಂಡೆಯ ಮೇಲೆ ಗುಂಡು ಬಡಿದು ಸತ್ತಿದ್ದ. ಅಂಬಿಗ ನನ್ನ ಮಾತನ್ನು ಪೂರ್ತಿ ಕೇಳಿದ. ಬಲೆ ಹೆಣೆಯುತ್ತಿದ್ದ ಕೈ ನಿಲ್ಲಲಿಲ್ಲ.

“ನಿಮ್ಮ ಮಿಸ್ತ್ರಿಗೋಸ್ಕರ ಬರಲ್ರಿ ನಾ. ನನ್ನ ತಮ್ಮಗ ಬಡದ ಗುಂಡು ಆ ಸೀಸದ್ದು ಹೌದೋ ಅಲ್ಲೋ, ಅದು ನನಗ ಗೊತ್ತಾಗಬೇಕು. ಅದಕ್ಕ ಬರ್ತೇನಿ.”

ಇನ್ನು ಕೊಕ್ಕೆ. ಬಾವಿಗೆ ಬಿದ್ದ ಕೊಡ ತೆಗೆಯಲು ಊರಿಗೊಂದು ಪಾತಾಳಗರಡಿ ಇರುತ್ತದಲ್ಲ, ಕಬ್ಬಿಣದ ಬಳೆಗೆ ಸುತ್ತ ಕೊಕ್ಕೆಗಳನ್ನು ಜೋಡಿಸಿದ್ದು. ಜನವಾಡದಲ್ಲಿ ಅದು ಒಬ್ಬ ಮುದುಕಿಯ ಮನೆಯಲ್ಲಿತ್ತು. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು. ಪಾತಾಳಗರಡಿ ಒಯ್ಯುವವರು ತಮ್ಮದೊಂದು ಪಾತ್ರೆಯನ್ನು ಅಡವಿಟ್ಟೇ ಒಯ್ಯಬೇಕು ಎಂಬುದು ರೂಢಿ, ಇಲ್ಲದಿದ್ದರೆ ತಿರುಗಿ ಬರುವುದಿಲ್ಲ. ಸಾಹೇಬರೂ ನನ್ನ ಜತೆ ಬಂದಿದ್ದರು. ಇಬ್ಬರ ಕೈಯೂ ಖಾಲಿ.

“ಸರ್ಕಾರಿ ಕೆಲಸ ಕಣಮ್ಮ, ನಾನೇ ವಾಪಸ್ ತಂದುಕೊಡ್ತೀನಿ,” ಎಂದರು ಸಾಹೇಬರು.

“ಸರಕಾರ ಮೊನ್ನಿ ಒಂದು ಇತ್ತು, ಇವತ್ತ ಒಂದು ಅದ,” ಎಂದಳು ಆಯಿ. “ತಂಬಿಗಿ ಇಡ್ರಿ. ತಂಬಿಗಿ ಇಲ್ಲಂದ್ರ ತಲಿ ಮ್ಯಾಲಿಂದು ಇಡ್ರಿ. ಅದೂ ಪಾತ್ರಿಗತೆನೇ ಅದ.”

ಸಾಹೇಬರು ನನ್ನ ಮುಖ ನೋಡಿದರು. ನಾನು ಹೊರಗೆ ಹೋರಿ ಕಟ್ಟಿದ ಕಡೆ ನೋಡಿದೆ. ಅವರು ಟೊಪ್ಪಿಗೆ ತೆಗೆದು ಕಟ್ಟೆಯ ಮೇಲಿಟ್ಟರು. ಆಯಿ ಅದನ್ನು ಮಗುಚಿ ಒಳಗೆ ನೋಡಿ, ಒಯ್ದು ಗೋಡೆಯ ಮಾಡದಲ್ಲಿಟ್ಟು, ಪಾತಾಳಗರಡಿ ತಂದುಕೊಟ್ಟಳು. ಅಲ್ಲಿಂದ ರವಿವಾರದ ತನಕ ಸಾಹೇಬರು ಬರಿದಲೆಯಲ್ಲೇ ತಿರುಗಿದರು.

ಗುರುವಾರ ನಾವು ಮಾಡಿದ್ದರಲ್ಲಿ ಧೈರ್ಯವೆಲ್ಲ ಅಂಬಿಗನದು, ಪೆದ್ದತನವೆಲ್ಲ ನನ್ನದು. ಮಡುವು ಉಕ್ಕಿನ ಹಗ್ಗದಿಂದಾಚೆ, ನೀರು ಹರಿದುಹೋಗುವ ಕಡೆಗಿತ್ತು. ಹಾಗಾಗಿ ರಾಟೆಯಿಂದ ಉದ್ದ ಹಗ್ಗ ಬಿಟ್ಟು ದೋಣಿಯನ್ನು ಗಾಳಿಪಟದ ಹಾಗೆ ಕೆಳಕ್ಕೆ ಇಳಿಸಿದೆವು. ದಂಡೆಯ ಮೇಲೆ ಊರಿನ ಎಂಟು ಜನ ಅಡ್ಡ ಹಗ್ಗ ಹಿಡಿದು ದೋಣಿಯನ್ನು ಆಚೀಚೆ ಎಳೆಯುತ್ತಿದ್ದರು. ಅತ್ತಿಮರ ಅರ್ಧ ಮುಳುಗಿತ್ತು, ಬೇರಿಗೆ ಕಟ್ಟಿದ ತುದಿ ಎರಡಾಳು ನೀರಿನ ಕೆಳಗೆ. ಮಡುವಿನ ಮೇಲೆ ಸೆಳೆತ ತಳದ ಬಂಡೆಗೆ ಬಡಿದು ಎದ್ದು, ನಿಂತ ಜಾಗದಲ್ಲೇ ಅಲೆಯಾಗುತ್ತಿತ್ತು. ದೋಣಿ ಅದರ ಮೇಲೆ ಏರುತ್ತಿತ್ತು, ಧಪ್ಪೆಂದು ಬೀಳುತ್ತಿತ್ತು. ನನ್ನ ಹೊಟ್ಟೆಯೊಳಗಿನ ರೊಟ್ಟಿ ಮೊದಲ ಅಲೆಗೇ ಹೊಳೆ ಸೇರಿತು.

ಪಾತಾಳಗರಡಿ ಬಾವಿಯ ನಿಂತ ನೀರಿಗೆ ಮಾಡಿದ್ದು. ಇಲ್ಲಿ ಅದು ಮುಳುಗಲೇ ಇಲ್ಲ, ಸೆಳೆತಕ್ಕೆ ಮೇಲೆದ್ದು ದೋಣಿಯ ಹಿಂದೆ ಹರಿದಾಡಿತು. ಭಾರಕ್ಕೆಂದು ಬೀಸುವ ಕಲ್ಲಿನ ಒಂದು ಹೋಳು ಕಟ್ಟಿದೆ. ದುಂಡನೆಯ ಕಲ್ಲು ನೀರಿನಲ್ಲಿ ಗರಗರ ತಿರುಗಿ ಹಗ್ಗವನ್ನೆಲ್ಲ ಹುರಿ ಮಾಡಿತು. ಎತ್ತುವಾಗ ಕಲ್ಲು ಜೋಲಿ ಹೊಡೆದು ದೋಣಿಯ ಪಕ್ಕಕ್ಕೆ ಬಡಿಯಿತು, ಒಂದು ಹಲಗೆ ಸೀಳಿತು. ನಾಲ್ಕು ಸಲ ಬಿಟ್ಟೆವು, ನಾಲ್ಕು ಸಲವೂ ಅದೇ ಹಾಡು. ಸೀಸದ ಮೀನನ್ನು ಹುಡುಕಲು ಸೀಸದ ಮೀನೇ ಬೇಕಾಗಿತ್ತು.

ಸಂಜೆ ಅಂಬಿಗ ಸೀಳಿದ ಹಲಗೆಗೆ ಗೋಣಿನಾರು ತುರುಕುತ್ತ, “ಇದು ನಮ್ಮ ಕೈಲಿ ಆಗೋದಲ್ರಿ ಮುನ್ಶಿಜಿ. ಇಳಿಸಿದವನೇ ಬರಬೇಕು,” ಎಂದ.

ಅವನ ಬಾಯಲ್ಲಿ ಆ ಮಾತು ಬಂದ ಮೇಲೆ ನನಗೂ ಧೈರ್ಯ ಬಂತು. ಸಾಹೇಬರ ಹತ್ತಿರ ಹೋಗಿ, ಮಿಸ್ತ್ರಿಯನ್ನು ಎರಡು ದಿನದ ಮಟ್ಟಿಗೆ ದೋಣಿಗೆ ಕರೆತರಬೇಕು, ಜಾಮೀನು ನಾನು ನಿಲ್ಲುತ್ತೇನೆ ಎಂದೆ.

“ಆತ ನೀರಿಗೆ ಹಾರಿ ಈಜಿ ಹೋದರೆ?”

“ಹೋದ್ರ ನನ್ನ ಒಳಗ ಹಾಕ್ರಿ.”

“ನಿಮ್ಮನ್ನ ಹಾಕಿ ನಾನೇನ್ ಮಾಡ್ಲಿ ರೀ? ನಿಮಗೆ ದೋಣೀಲಿ ನೆಟ್ಟಗೆ ಕೂರೋಕೂ ಬರಲ್ಲ,” ಎಂದರು. ಆಮೇಲೆ ನಗು ಬಿಟ್ಟು ಕೇಳಿದರು: “ಆತ ಕೊಟ್ಟಿಲ್ಲ ಅಂತ ನಿಮಗೆ ಖಾತ್ರಿ ಇದೆಯಾ?”

ನಾನು ಇದೆ ಎಂದೆ. ಶ್ರಾವಣದಲ್ಲಿ ಓಡಿಹೋದವನು ನಾನು, ಇದೊಂದು ಸಲ ನಿಲ್ಲಬೇಕಾಗಿತ್ತು. ಶುಕ್ರವಾರ ಸಾಹೇಬರು ಬೀದರಕ್ಕೆ ಹೋಗಿ ಇಡೀ ದಿನ ಕಚೇರಿಯ ಬೆಂಚಿನ ಮೇಲೆ ಕೂತು ಅನುಮತಿ ತಂದರು. ಊರಿಗೆ ಹೊಸಬರು, ಮಿಸ್ತ್ರಿಯ ಮುಖವನ್ನೂ ಕಂಡಿರಲಿಲ್ಲ. ಬೇಡವೆಂದಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ.

ಶನಿವಾರ ಮುಂಜಾನೆ ಚಾಚಾ ಎತ್ತಿನ ಗಾಡಿಯಲ್ಲಿ ಬಂದರು, ಜತೆಗೊಬ್ಬ ಕಾನ್‌ಸ್ಟೇಬಲ್. ದಂಡೆಯ ಮೇಲಿನ ಜನ ಗಾಡಿಗೆ ದಾರಿ ಬಿಟ್ಟು ಹಿಂದೆ ಸರಿದರು. ಒಬ್ಬಿಬ್ಬರು ಮುಖ ತಿರುಗಿಸಿದರು. ಚಾಚಾ ಯಾರ ಕಡೆಗೂ ನೋಡದೆ ಹೊಳೆಯ ಕಡೆ ನಡೆದು ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತರು.

“ತಪ್ಪು ನಂದೇ,” ಎಂದರು. “ಬಾವಿ ಅಂತ ತಿಳ್ದು ತುದಿ ಕಟ್ದೆ. ಬಾವಿ ನೀರು ಏರಿದ್ರೂ ಇದ್ದಲ್ಲೇ ಇರ್ತದ. ಹೊಳಿ ಹಂಗ ಇರಲ್ಲ ಅಂತ ನನಗೇ ತಿಳೀಬೇಕಿತ್ತು. ಇಷ್ಟು ವರ್ಷ ಇದರಾಗೇ ದುಡ್ದೀನಿ.”

ಕಲ್ಲನ್ನು ನೋಡಿ ತಲೆ ಅಲ್ಲಾಡಿಸಿದರು. ಉದ್ದಕ್ಕೆ, ಚೂಪಗೆ, ಭಾರವಾಗಿ ಏನಾದರೂ ಬೇಕೆಂದರು. ಸೀಸ ಎಲ್ಲಿಂದ ತರೋಣ? ಅವರೇ ಯೋಚಿಸಿ, ನೇಗಿಲ ಗುಳ ಸಿಗುತ್ತವೆಯೇ ಎಂದು ಕೇಳಿದರು. ಗುಳ ಅಂದರೆ ನೇಗಿಲ ತುದಿಯ ಕಬ್ಬಿಣ. ಹಿಂಗಾರಿ ಜೋಳದ ಬಿತ್ತನೆ ಎದುರಿಗಿತ್ತು, ಗುಳ ಕೊಟ್ಟು ಕಳೆದುಕೊಂಡವನು ಹೊಲ ಹದ ಮಾಡುವುದು ಹೇಗೆ? ಕೇಳಲು ನನಗೆ ಬಾಯಿ ಬರಲಿಲ್ಲ. ಅಂಬಿಗ ಎದ್ದು ಊರೊಳಗೆ ಹೋದ. ಒಂದು ಗಂಟೆಯಲ್ಲಿ ಆರು ಗುಳ ಹೊತ್ತುಕೊಂಡು ಬಂದ. ಏನು ಹೇಳಿ ತಂದೆ ಎಂದರೆ, “ಸೀಸದ ಹಕೀಕತ್ತು ತಿಳೀಬೇಕಂದ್ರ ಗುಳ ಕೊಡ್ರಿ ಅಂದೆ. ಕೊಟ್ರು,” ಎಂದ.

ಚಾಚಾ ಆರೂ ಗುಳಗಳ ಮೊನೆಗಳನ್ನು ಒಂದೇ ಕಡೆ ಕೂಡಿಸಿ ತಂತಿಯಿಂದ ಬಿಗಿದರು. ಹಿಂದುಗಡೆ ಹಲಗೆಯ ತುಂಡೊಂದನ್ನು ಬಾಲದ ಹಾಗೆ ನಿಲ್ಲಿಸಿದರು. ಹಗ್ಗವನ್ನು ನಡುವಿಗಿಂತ ನಾಲ್ಕು ಬೆರಳು ಮುಂದೆ ಕಟ್ಟಿ ತೂಗಿ ನೋಡಿದರು, ಬಿಚ್ಚಿ ಒಂದು ಬೆರಳು ಹಿಂದೆ ಸರಿಸಿ ಮತ್ತೆ ತೂಗಿದರು. ಮೊನೆ ಇಷ್ಟೇ ಇಷ್ಟು ಕೆಳಗೆ ಬಾಗಿದ ಮೇಲೆ ಅವರಿಗೆ ಸಮಾಧಾನವಾಯಿತು. ಪಾತಾಳಗರಡಿಯನ್ನು ಅದರ ಕೆಳಗೆ ಮೂರು ಮೊಳ ಬಿಟ್ಟು ಕಟ್ಟಿದರು. ಕಬ್ಬಿಣದ ಮೀನೊಂದು ನಮ್ಮೆದುರು ತಯಾರಾಯಿತು.

ದೋಣಿ ಹತ್ತುವಾಗ ಕಾನ್‌ಸ್ಟೇಬಲ್ ತನ್ನ ಕೈದಿಯ ಸೊಂಟಕ್ಕೆ ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಅಂಬಿಗ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

“ಈಜ್ಲಾಕ ಬರ್ತದೇನ್ರಿ ಜವಾನ್ರ?”

“ಇಲ್ಲ.”

“ಚಾಚಾಗ ಬರ್ತದ. ಅವರು ಬಿದ್ರ ನೀವೂ ಹೋಗ್ತೀರಿ. ನೀವು ಬಿದ್ರ ಅವರು ಎಲ್ಲಿ ತನಕ ನಿಮ್ಮನ್ನ ಹೊತ್ತಾರು?”

ಕಾನ್‌ಸ್ಟೇಬಲ್ ಒಂದು ಗಳಿಗೆ ಯೋಚಿಸಿ ಹಗ್ಗ ಬಿಚ್ಚಿದ.

ಆ ದಿನ ಚಾಚಾ ಕೆಲಸ ಮಾಡಿದ ರೀತಿಯನ್ನು ನಾನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ್ದೇನೆ. ಹಗ್ಗವನ್ನು ದೋಣಿಯ ಗೂಟಕ್ಕೆ ಎರಡು ಸುತ್ತು ಹಾಕಿದರು, ಉಜ್ಜಿ ಸುಡದಿರಲಿ ಎಂದು ನನ್ನಿಂದ ಅದರ ಮೇಲೆ ನೀರು ಹಾಕಿಸಿದರು. ಸುರುಳಿಯೊಳಗೆ ಯಾರ ಕಾಲೂ ಇರಕೂಡದು ಎಂದು ಎರಡು ಸಲ ಹೇಳಿದರು. ಗುಳಗಳನ್ನು ನೀರಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ಅಲೆ ನೋಡುತ್ತ ನಿಂತರು. ದೋಣಿ ಏರಿತು, ಇಳಿಯಿತು, ಏರಿತು, ಅವರು ಬಿಡಲಿಲ್ಲ. ಮೂರನೆಯ ಸಲ ದೋಣಿ ಇಳಿದು ತಳ ಮುಟ್ಟಿದಂತೆ ಒಂದು ಕ್ಷಣ ನಿಂತಾಗ ಕೈ ಸಡಿಲಿಸಿದರು. ಸದ್ದೇ ಆಗಲಿಲ್ಲ. ಕಬ್ಬಿಣ ಮೂತಿಯನ್ನು ಸೆಳೆತಕ್ಕೆ ಕೊಟ್ಟು ನೆಟ್ಟಗೆ ಇಳಿಯಿತು.

ಆಮೇಲೆ ಎರಡು ಬೆರಳನ್ನು ಹಗ್ಗದ ಮೇಲಿಟ್ಟು ಕಣ್ಣು ಮುಚ್ಚಿದರು. ತಳ ಹೇಳುವುದು ಅವರ ಬೆರಳಿಗೆ ಕೇಳಿಸುತ್ತಿತ್ತು. “ಮರಳು,” ಎನ್ನುತ್ತಿದ್ದರು, “ಬಂಡಿಗಲ್ಲು. ಮತ್ತ ಮರಳು. ಗಿಡದ ಬೇರು, ಎತ್ತರಿ.” ಎತ್ತುವುದು, ದೋಣಿಯನ್ನು ಒಂದು ಮಾರು ಸರಿಸುವುದು, ಮತ್ತೆ ಬಿಡುವುದು. ಹೀಗೆ ಇಪ್ಪತ್ತು ಸಲವಾದರೂ ಆಗಿರಬೇಕು. ಒಂದು ಸಲವೂ ಕಬ್ಬಿಣ ದೋಣಿಗೆ ತಾಗಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಣ್ಣು ತೆರೆದರು.

“ಸರಪಳಿ,” ಎಂದರು ಮೆಲ್ಲಗೆ.

ಅಂಬಿಗ ನನ್ನನ್ನು ನೋಡಿದ, ನಾನು ಕಾನ್‌ಸ್ಟೇಬಲ್‌ನನ್ನು ನೋಡಿದೆ. ಚಾಚಾ ಮಾತ್ರ ಗಡಿಬಿಡಿ ಮಾಡದೆ ಎರಡು ಒಣ ಸೋರೆಬುರುಡೆ ತೆಗೆದು ದೋಣಿಯ ಹೊರಗಿನ ಹಗ್ಗಕ್ಕೆ ಕಟ್ಟತೊಡಗಿದರು. ಎಳೆಯುವುದು ಬಿಟ್ಟು ಇದೇನು ಆಟ ಎಂದು ನನಗೆ ತಲೆ ಕೆಟ್ಟಿತು, ಅಂದೂಬಿಟ್ಟೆ.

“ಹಗ್ಗದ ಒಂದು ತುದಿ ನಮ್ಮ ಕೈಯಾಗ ಇರ್ಬೇಕು. ಅದು ಆಗ್ಲಿಲ್ಲಂದ್ರ ನೀರಿನ ಮ್ಯಾಲರ ಇರ್ಬೇಕು,” ಎಂದು ಗಂಟು ಬಿಗಿದರು.

ದಂಡೆಯ ಮೇಲಿನವರು ಕೂಗಿದ್ದು ಆಗಲೇ. ಮೇಲಿನಿಂದ ಬೇರುಸಮೇತ ಕಿತ್ತ ಜಾಲಿಮರವೊಂದು ನಮ್ಮ ಕಡೆಗೇ ಬರುತ್ತಿತ್ತು. ಹಗ್ಗ ತಳಕ್ಕೆ ಸಿಕ್ಕಿಕೊಂಡಿರುವ ತನಕ ದೋಣಿ ಸರಿಯುವಂತಿಲ್ಲ. ಅಂಬಿಗ ಕೊಡಲಿ ಎತ್ತಿದವನು ಹಾಗೇ ನಿಂತುಬಿಟ್ಟ. ಹಗ್ಗದ ಕೆಳಗಿನ ತುದಿಯಲ್ಲಿ ಅವನ ತಮ್ಮನ ಸಾವಿನ ಉತ್ತರವಿತ್ತು. ಚಾಚಾನ ಪಾಲಿಗೆ ಅದೇ ಹಗ್ಗ ಮನೆಯೋ ಸೋಮವಾರದ ಲಾರಿಯೋ ಎಂಬುದಾಗಿತ್ತು. ಎಳೆದು ನೋಡೋಣ ಎಂದು ನಾನು ಅಂದೆ. ಹೌದು, ಅಂದೆ.

“ಕಡೀರಿ,” ಎಂದರು ಚಾಚಾ.

ಅಂಬಿಗ ಕದಲಲಿಲ್ಲ.

“ಕಡಿಯಪ್ಪಾ. ನಾಲ್ಕು ಮಂದಿ ಜೀವ ಅದ. ಒಂದು ಮಣ ಸೀಸಕ್ಕ ಇನ್ನ ಯಾರೂ ಸಾಯೋದು ಬ್ಯಾಡ.”

ಕೊಡಲಿ ಬಿತ್ತು. ದಂಡೆಯವರು ಜಗ್ಗಿದರು, ದೋಣಿ ಪಕ್ಕಕ್ಕೆ ಜಾರಿತು. ಮರದ ಬೇರುಗಳು ನಮ್ಮ ಹಲಗೆ ಕೆರೆಯುತ್ತ ದಾಟಿಹೋದವು. ಸೋರೆಬುರುಡೆ ಮರದ ಕೆಳಗೆ ಹೋದವು, ಆಮೇಲೆ ಕಾಣಲಿಲ್ಲ. ಆರು ಗುಳ, ಆಯಿಯ ಪಾತಾಳಗರಡಿ, ಎಲ್ಲ ಹೊಳೆಯ ಪಾಲು. ದಂಡೆಗೆ ಬಂದಾಗ ನನಗೆ ಅಳು ಬಂತು, ಮುಚ್ಚಿಕೊಳ್ಳಲಿಲ್ಲ. ಚಾಚಾ ಮುಖ ತೊಳೆದು ಗಾಡಿಯ ನೆರಳಲ್ಲಿ ನಮಾಜಿಗೆ ನಿಂತರು. ಅಂಬಿಗ ಅವರು ಮುಗಿಸುವ ತನಕ ದೂರದಲ್ಲಿ ನಿಂತಿದ್ದು, ಆಮೇಲೆ ಎರಡು ರೊಟ್ಟಿ, ಪುಂಡಿಪಲ್ಲೆ ತಂದು ಅವರ ಮುಂದಿಟ್ಟ.

ಮಳೆ ಬರದ ರಾತ್ರಿ ನಮ್ಮ ಕೈ ಹಿಡಿಯಿತು. ರವಿವಾರ ಮುಂಜಾನೆ ನೀರು ಒಂದೂವರೆ ಮೊಳ ಇಳಿದಿತ್ತು. ಎಲ್ಲರಿಗಿಂತ ಮೊದಲು ಅಂಬಿಗನಿಗೆ ಕಾಣಿಸಿತು: ಮಡುವಿನ ಅಂಚಿನಲ್ಲಿ ಒಂದು ಸೋರೆಬುರುಡೆ ಮುಳುಗುತ್ತಿತ್ತು, ಏಳುತ್ತಿತ್ತು. ಇನ್ನೊಂದು ಒಡೆದುಹೋಗಿತ್ತೇನೋ. ಅಂಬಿಗ ಬಿದಿರಿನ ಗಳದಿಂದ ಹಗ್ಗ ಹಿಡಿದ. ದಂಡೆಯವರು ದೋಣಿಯನ್ನು ಮೇಲಕ್ಕೆ ಎಳೆದು, ಕೊಕ್ಕೆ ಸಿಕ್ಕಿಕೊಂಡ ಜಾಗದ ನೆತ್ತಿಗೇ ತಂದು ನಿಲ್ಲಿಸಿದರು. ಹಗ್ಗ ನೆಟ್ಟಗಾಯಿತು.

ನೀರಿನೊಳಗೆ ಇರುವ ತನಕ ಭಾರ ಅಷ್ಟು ಗೊತ್ತಾಗುವುದಿಲ್ಲ. ಹೊರಗೆ ಬರುವ ಗಳಿಗೆಯೇ ಕೆಟ್ಟದ್ದು. ಪೂರ್ತಿ ತೂಕ ಒಮ್ಮೆಗೇ ದೋಣಿಯ ಒಂದು ಬದಿಗೆ ಬೀಳುತ್ತದೆ, ಅಲೆ ಬೇರೆ ತೂಗುತ್ತದೆ. ಚಾಚಾ ಕಾನ್‌ಸ್ಟೇಬಲ್‌ನನ್ನು ಎದುರು ಬದಿಯ ಅಂಚಿನ ಮೇಲೆ ಕೂರಿಸಿ, ಅಲುಗಾಡಬ್ಯಾಡ್ರಿ ಎಂದರು. ಅವನು ಕಣ್ಣು ಮುಚ್ಚಿಕೊಂಡು ಅಲುಗಾಡದೆ ಕೂತ. ಸರಕಾರಕ್ಕೆ ಅವನು ಮಾಡಿದ ದೊಡ್ಡ ಸೇವೆ ಅದೇ ಇರಬೇಕು. ಮೊದಲು ಗುಳ ಬಂದವು, ಪಾತಾಳಗರಡಿ ಬಂತು, ಸರಪಳಿ ಬಂತು, ತಗಡಿನ ಪೆಟ್ಟಿಗೆ ಬಂತು. ಆಮೇಲೆ ಕೆಸರು ನೀರಿನ ಕೆಳಗೆ ಬೂದು ಬಣ್ಣದ ಬೆನ್ನು. ಚಾಚಾ ಎಳೆಯುವುದನ್ನು ನಿಲ್ಲಿಸಿ ಅಲೆಗಾಗಿ ಕಾದರು. ದೋಣಿ ಏರುವ ಅಲೆಯ ಜತೆಗೇ ಒಂದು ಜಗ್ಗು ಜಗ್ಗಿದರು. ಮೀನು ಹೊರಬಂದು, ಜೋಲಿ ಹೊಡೆಯುವ ಮೊದಲೇ ಅವರ ಎದೆಗೆ ಒರಗಿತು. ಅದನ್ನು ತಬ್ಬಿಕೊಂಡೇ ದೋಣಿಯೊಳಗೆ ಕುಕ್ಕರಿಸಿದರು.

ಅಂಬಿಗ ಹುಟ್ಟು ಬಿಟ್ಟು ಬಂದ. ಮೀನಿನ ಮೂತಿಯಿಂದ ಬಾಲದ ತನಕ ಅಂಗೈ ಆಡಿಸಿದ. ಮಗುಚಿ ಹೊಟ್ಟೆಯ ಮೇಲೂ ಆಡಿಸಿದ. ಎಲ್ಲಿಯೂ ಕೊರೆದ ಗುರುತಿಲ್ಲ, ಕಡಿದ ಗುರುತಿಲ್ಲ.

“ಇದರದು ಅಲ್ಲ,” ಎಂದ. ಚಾಚಾನ ಮಂಡಿಯ ಮೇಲೆ ಕೈಯಿಟ್ಟ. “ಚಾಚಾ, ನಾ ನಿಮ್ಮ ಮ್ಯಾಲ ಸಂಶಯ ಮಾಡ್ದೆ.”

“ಮಾಡದೆ ಏನ್ ಮಾಡ್ತಿ? ನಾ ನಿನ್ನ ಜಾಗಾದಾಗ ಇದ್ರ ನಾನೂ ಮಾಡ್ತಿದ್ದೆ,” ಎಂದರು ಚಾಚಾ. ಸುಳ್ಳು ಹೇಳಲು ನನಗಿಂತ ಚೆನ್ನಾಗಿ ಅವರಿಗೆ ಬರುತ್ತಿತ್ತು.

ದಂಡೆಯಲ್ಲಿ ಅಂಗಡಿಯವನ ತಕ್ಕಡಿ ತಂದು ಮೀನನ್ನು ತೂಗಿದರು. ಪಟ್ಟಿಯಲ್ಲಿದ್ದ ತೂಕವೇ ಬಂತು. ಗುಳಗಳು ಅವರವರ ಮನೆಗೆ ಹೋದವು, ಸಾಹೇಬರ ಟೊಪ್ಪಿಗೆ ಆಯಿಯ ಮನೆಯಿಂದ ಬಿಡುಗಡೆಯಾಯಿತು. ಸಾಹೇಬರು ಬೀದರಕ್ಕೆ ಬರೆಯಲು ಕಾಗದ ತೆಗೆದು ಕೂತರು. ಚಾಚಾ ಆ ಕಡೆ ಗಮನ ಕೊಡದೆ ಪೆಟ್ಟಿಗೆಯ ಮೇಣ ಕೆರೆದು, ಮೀಟರು ತೆಗೆದು, ಬಾಯಿಂದ ಊದಿದರು. ಹಿತ್ತಾಳೆಯ ಬಟ್ಟಲುಗಳು ತಿರುಗಿದವು. ಒಳಗೆ ಹನಿ ನೀರು ಹೋಗಿರಲಿಲ್ಲ.

“ಮುನ್ಶಿಜಿ, ಈ ಮಹಾಪೂರದ ಅಳತಿ ಯಾರರ ತಗೊಂಡಾರೇನು?”

ಯಾರು ತೆಗೆದುಕೊಳ್ಳಬೇಕಿತ್ತು? ವಾರಗಟ್ಟಲೆ ವಹಿ ಖಾಲಿ ಇತ್ತು.

“ನೀರು ಇಳೀಲಾಕತ್ತದ. ನಾಳಿ ಅಂದ್ರ ಸಿಗಲ್ರಿ.”

“ಮೊದಲು ನಿಮ್ಮ ಬಿಡುಗಡೆಗೆ ಬರೀತೀನಿ, ತಡೀರಿ,” ಎಂದರು ಸಾಹೇಬರು.

“ಕಾಗದ ಎಲ್ಲೂ ಹೋಗಲ್ಲ ಸಾಹೇಬ್ರ. ಹೊಳಿ ಹೋಗ್ತದ.”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ತಾವೇ ದೋಣಿ ಹತ್ತಿದರು. ಸಂಜೆಯ ತನಕ ಉಕ್ಕಿನ ಹಗ್ಗದ ಒಂದೊಂದು ಗುರುತಿಗೂ ನಿಂತು, ಒಂದೊಂದು ಸಲವೂ ಅಲೆಗೆ ಕಾದು, ಚಾಚಾ ಮೀನು ಇಳಿಸಿದರು, ಎತ್ತಿದರು. ಸಾಹೇಬರು ಕಿವಿಗೆ ಯಂತ್ರ ಹಾಕಿಕೊಂಡು ಎಣಿಸಿದರು. ಅಂಬಿಗ ದೋಣಿ ಹಿಡಿದ. ನಾನು ಬರೆದುಕೊಂಡೆ. ಅಂಥ ಅಚ್ಚುಕಟ್ಟಾದ ಅಳತೆ ನನ್ನ ನೌಕರಿಯಲ್ಲಿ ಮತ್ತೊಂದು ಆಗಲಿಲ್ಲ.

ಕೋಣೆಗೆ ಬಂದು ಅಂಕಿಗಳನ್ನೆಲ್ಲ ವಹಿಗೆ ಇಳಿಸಿದೆ. ಕೊನೆಯ ಮನೆ ಉಳಿಯಿತು: ಅಳತೆ ಮಾಡಿದ ಸರಕಾರಿ ನೌಕರನ ಹೆಸರು. ನನ್ನ ಕೈ ಅಲ್ಲಿ ನಿಂತಿತು. ಚಾಚಾ ಆ ಹೊತ್ತಿನಲ್ಲಿ ಕಾಯಿದೆಯ ಪ್ರಕಾರ ಕೈದಿ. ಬಾಗಿಲಲ್ಲಿ ಕಾನ್‌ಸ್ಟೇಬಲ್ ಕಾಯುತ್ತಿದ್ದ, ಗಾಡಿ ಕಟ್ಟಿತ್ತು, ರಾತ್ರಿಗೆ ಅವರು ಲಾಕಪ್ಪಿಗೆ ಮರಳಬೇಕಾಗಿತ್ತು.

“ಯಾಕೆ ನಿಲ್ಲಿಸಿದ್ರಿ?” ಎಂದು ಸಾಹೇಬರು ಬಗ್ಗಿ ನೋಡಿದರು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಚಾಚಾನನ್ನು ಕರೆದು ಅವರ ಹೆಸರು, ಅವರ ತಂದೆಯ ಹೆಸರು ಕೇಳಿ, ಎರಡನ್ನೂ ತಮ್ಮ ಕೈಯಿಂದಲೇ ದುಂಡಗೆ ಬರೆದು, ಮುಂದೆ ‘ಮಿಸ್ತ್ರಿ, ಜನವಾಡ’ ಎಂದು ಸೇರಿಸಿ, ಕೆಳಗೆ ಸಹಿ ಹಾಕಿದರು.

ಸಾಹೇಬರು ಬರೆದ ಪತ್ರ ಅದೇ ಗಾಡಿಯಲ್ಲಿ ಬೀದರಕ್ಕೆ ಹೋಯಿತು. ಬಿಡುಗಡೆಯ ಕಾಗದ ಬಂದದ್ದು ಮರುದಿನ, ಲಾರಿ ಹೊರಡುವುದಕ್ಕೆ ಸ್ವಲ್ಪ ಮೊದಲು.